ಮಗಳಿಗೆ ಲಸಿಕೆ, ತಾಯಿಗೆ ಪರೀಕ್ಷೆ

ಪ್ರಶ್ನೆ: ನಾವು ಚಳ್ಳಕೆರೆ ತಾಲ್ಲೂಕಿನ ಹಳ್ಳಿಯವರು, ಶೇಂಗಾ ಬೆಳೆಯುವ ಮನೆ. ಕಿರಿಯ ಮಗಳಿಗೆ 13 ವರ್ಷ, ಎಂಟನೇ ತರಗತಿ. ಹಿರಿಯವಳಿಗೆ 22, ಮದುವೆ ಗೊತ್ತಾಗಿದೆ. ನನ್ನ ನಾದಿನಿ ಗರ್ಭಕಂಠದ ಕ್ಯಾನ್ಸರ್ ಬಂದು ಬೆಂಗಳೂರಿನ ಕಿದ್ವಾಯಿಯಲ್ಲಿ ಚಿಕಿತ್ಸೆ ಪಡೆದರೂ ಉಳಿಯಲಿಲ್ಲ. ಈ ಕಾಯಿಲೆ ವಂಶದಲ್ಲಿ ಬರುತ್ತದೆಯೇ? ಮಕ್ಕಳಿಗೆ ಈ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಿಸೋಣವೆಂದರೆ, ಅದು ನಡತೆಗೆಟ್ಟವರಿಗೆ ಬರುವ ಕಾಯಿಲೆ, ನಮ್ಮ ಮನೆಯ ಹುಡುಗಿಗೆ ಏಕೆ ಎಂದು ಅತ್ತೆಯವರು ಕೇಳುತ್ತಾರೆ. ಮುಂದೆ ಮಕ್ಕಳಾಗುವುದಿಲ್ಲ, ಆಂಧ್ರದಲ್ಲಿ ಹುಡುಗಿಯರು ಸತ್ತಿದ್ದಾರೆ ಎಂದು ಮೊಬೈಲ್‌ನಲ್ಲಿ ಸಂದೇಶ ಬಂದಿದೆ. ಒಬ್ಬ ಡಾಕ್ಟರು ಒಂದು ಡೋಸ್ ಸಾಕು ಎಂದರು, ಇನ್ನೊಬ್ಬರು ಎರಡು ಬೇಕು ಎಂದರು. ಯಾರನ್ನು ನಂಬಬೇಕು? ನನಗೆ 41 ವರ್ಷ. ಇತ್ತೀಚೆಗೆ ಮುಟ್ಟು ಮುಗಿದ ಮೇಲೂ ನಡುನಡುವೆ ರಕ್ತದ ಕಲೆ ಕಾಣಿಸುತ್ತದೆ, ಅದು ವಯಸ್ಸಿನದಿರಬೇಕು.

ಉತ್ತರ: ಪತ್ರದ ತುಂಬ ಮಕ್ಕಳ ಚಿಂತೆ, ನಿಮ್ಮ ಬಗ್ಗೆ ಒಂದೇ ಸಾಲು, ಅದೂ ಕೊನೆಯಲ್ಲಿ, ಅದಕ್ಕೆ ಉತ್ತರವನ್ನೂ ನೀವೇ ಕೊಟ್ಟುಕೊಂಡಿದ್ದೀರಿ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಮಗಳ ಲಸಿಕೆ ಒಂದು ತಿಂಗಳು ತಡವಾದರೆ ನಷ್ಟವಿಲ್ಲ. ನಿಮ್ಮ ಪರೀಕ್ಷೆ ತಡವಾಗಬಾರದು.

ಎರಡು ಮುಟ್ಟಿನ ನಡುವೆ ರಕ್ತ, ಗಂಡನ ಜೊತೆ ಕೂಡಿದ ನಂತರ ರಕ್ತ, ಕೆಟ್ಟ ವಾಸನೆಯ ಬಿಳಿಸೆರಗು, ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ. ಇವುಗಳಲ್ಲಿ ಯಾವುದಿದ್ದರೂ ಗರ್ಭಕಂಠವನ್ನು, ಎಂದರೆ ಗರ್ಭಕೋಶದ ಬಾಯಿಯನ್ನು, ಕಣ್ಣಾರೆ ನೋಡದೆ ಯಾರೂ ಮಾತ್ರೆ ಬರೆದುಕೊಡಬಾರದು. ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಹೀಗೆ ಬರುವವರಲ್ಲಿ ಹೆಚ್ಚಿನವರಿಗೆ ಇರುವುದು ಸೋಂಕು, ಪಾಲಿಪ್ ಎಂಬ ಸಣ್ಣ ಮಾಂಸದ ಕುಡಿ, ಕ್ಯಾನ್ಸರ್ ಅಲ್ಲದ ಗಡ್ಡೆ ಅಥವಾ ಹಾರ್ಮೋನಿನ ಏರುಪೇರು. ಆದರೆ ಅದು ಯಾವುದು ಎಂದು ಮನೆಯಲ್ಲಿ ಕುಳಿತು ಹೇಳಲು ಬರುವುದಿಲ್ಲ. ಚಳ್ಳಕೆರೆಯ ತಾಲ್ಲೂಕು ಆಸ್ಪತ್ರೆಗೋ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೋ ಹೋಗಿ ಸ್ತ್ರೀರೋಗ ತಜ್ಞರಿಗೆ, ನಡುವೆ ರಕ್ತ ಕಾಣಿಸುತ್ತಿದೆ, ಗರ್ಭಕಂಠ ನೋಡಿ ಪರೀಕ್ಷಿಸಿ ಎಂದು ಕೇಳಿ. ಪರೀಕ್ಷೆಗೆ ಕೆಲವೇ ನಿಮಿಷ ಸಾಕು, ಅರಿವಳಿಕೆ ಬೇಕಿಲ್ಲ. ಅನುಮಾನದ ಜಾಗ ಕಂಡರೆ ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳುಹಿಸುತ್ತಾರೆ, ಅದೇ ಬಯಾಪ್ಸಿ. ನೋಡುವವರು ಮಹಿಳೆಯೇ ಆಗಿರಲಿ ಎಂದು ಕೇಳುವ ಹಕ್ಕೂ ನಿಮಗಿದೆ.

ಇಲ್ಲಿ ಇನ್ನೊಂದು ಎಚ್ಚರಿಕೆ ಹೇಳಬೇಕು, ಏಕೆಂದರೆ ನಮ್ಮ ಕಡೆ ಇದು ತೀರ ಸಾಮಾನ್ಯ. ನಲವತ್ತು ದಾಟಿದ ಹೆಂಗಸು ರಕ್ತಸ್ರಾವ ಎಂದು ಬಂದರೆ, ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಡಿ ಎನ್ನುವ ಸಲಹೆ ಬಹಳ ಬೇಗ ಬರುತ್ತದೆ. ಗರ್ಭಕಂಠದ ಪರೀಕ್ಷೆಯಾಗದೆ, ಅಗತ್ಯವಿದ್ದಲ್ಲಿ ಬಯಾಪ್ಸಿಯ ವರದಿ ಕೈಗೆ ಬಾರದೆ ಅದಕ್ಕೆ ಒಪ್ಪಬೇಡಿ. ಕ್ಯಾನ್ಸರ್ ಇಲ್ಲದಿದ್ದರೆ ಆ ಶಸ್ತ್ರಚಿಕಿತ್ಸೆಯೇ ಬೇಕಾಗದಿರಬಹುದು. ಒಳಗೆ ಕ್ಯಾನ್ಸರ್ ಇದ್ದು, ಅದು ಗೊತ್ತಿಲ್ಲದೆ ಮಾಮೂಲಿ ರೀತಿಯಲ್ಲಿ ಗರ್ಭಕೋಶ ತೆಗೆದರೆ ಮುಂದಿನ ಚಿಕಿತ್ಸೆ ಇನ್ನಷ್ಟು ತೊಡಕಾಗುತ್ತದೆ. ಆ ಕಾಯಿಲೆಗೆ ಮಾಡಬೇಕಾದ ಶಸ್ತ್ರಚಿಕಿತ್ಸೆಯೇ ಬೇರೆ. ಎಷ್ಟೋ ಸಲ ಶಸ್ತ್ರಚಿಕಿತ್ಸೆ ಬೇಡವೇ ಬೇಡ, ವಿಕಿರಣ ಚಿಕಿತ್ಸೆ ಬೇಕು.

ಈಗ ನಿಮ್ಮ ನಾದಿನಿಯ ವಿಷಯ. ಅವರು ನಿಮ್ಮ ಮಕ್ಕಳಿಗೆ ಸೋದರತ್ತೆ, ರಕ್ತಸಂಬಂಧ. ಆ ಭಯದಿಂದಲೇ ವಂಶದ ಮಾತು ಎತ್ತಿದ್ದೀರಿ. ಸ್ತನ ಕ್ಯಾನ್ಸರ್‌ನಲ್ಲಿ ಆ ಪ್ರಶ್ನೆಗೆ ತೂಕವಿದೆ. ಗರ್ಭಕಂಠದ ಕ್ಯಾನ್ಸರ್‌ನಲ್ಲಿ ಅಷ್ಟಿಲ್ಲ. ಇದಕ್ಕೆ ಮೂಲ ಒಂದು ವೈರಸ್: ಹ್ಯೂಮನ್ ಪ್ಯಾಪಿಲೋಮಾ ವೈರಸ್, ಎಚ್‌ಪಿವಿ. ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಇದರಿಂದಲೇ ಬರುತ್ತವೆ. ಇದನ್ನು ತೋರಿಸಿಕೊಟ್ಟ ಜರ್ಮನಿಯ ವಿಜ್ಞಾನಿ ಹೆರಾಲ್ಡ್ ತ್ಸೂರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಈ ವೈರಸ್‌ನಲ್ಲಿ ಇನ್ನೂರಕ್ಕೂ ಹೆಚ್ಚು ಬಗೆಗಳಿವೆ. ಕೈಕಾಲಿನ ಮೇಲೆ ನರುಲಿ ಎಬ್ಬಿಸುವವೂ ಇದೇ ಕುಲದವು. ಅಪಾಯದ ಬಗೆಗಳು ಸುಮಾರು ಹದಿನಾಲ್ಕು. ಅವುಗಳಲ್ಲಿ 16 ಮತ್ತು 18 ಎಂಬ ಎರಡೇ ಬಗೆಗಳಿಂದ ಶೇ 70ರಷ್ಟು ಗರ್ಭಕಂಠದ ಕ್ಯಾನ್ಸರ್ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 1.27 ಲಕ್ಷ ಹೆಂಗಸರಿಗೆ ಈ ಕಾಯಿಲೆ ಹೊಸದಾಗಿ ಬಂತು, ಸುಮಾರು 80 ಸಾವಿರ ಮಂದಿ ಸತ್ತರು. ಕಾರಣ ಗೊತ್ತಿರುವ, ತಡೆಯಲು ದಾರಿ ಇರುವ ಕ್ಯಾನ್ಸರ್‌ನಿಂದ ಇಷ್ಟು ಸಾವು. ಇದನ್ನು ವಿಧಿ ಎನ್ನಲು ನನಗೆ ಬಾಯಿ ಬರುವುದಿಲ್ಲ.

ವೈರಸ್ ತಗುಲಿದವರಿಗೆಲ್ಲ ಕ್ಯಾನ್ಸರ್ ಬರುತ್ತದೆ ಎಂದೂ ತಿಳಿಯಬೇಡಿ. ತಗುಲಿದ ಹತ್ತು ಮಂದಿಯಲ್ಲಿ ಒಂಬತ್ತು ಮಂದಿಯ ದೇಹವೇ ಅದನ್ನು ಒಂದೆರಡು ವರ್ಷದಲ್ಲಿ ಹೊರಗೆ ಹಾಕುತ್ತದೆ, ಅವರಿಗೆ ಬಂದದ್ದೂ ಗೊತ್ತಾಗದು, ಹೋದದ್ದೂ ಗೊತ್ತಾಗದು. ಕೆಲವರಲ್ಲಿ ಮಾತ್ರ ಅದು ಬೇರು ಬಿಡುತ್ತದೆ. ಹಾಗೆ ಉಳಿದ ಸೋಂಕು ಗರ್ಭಕಂಠದ ಜೀವಕೋಶಗಳನ್ನು ನಿಧಾನವಾಗಿ ಕೆಡಿಸಿ, ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷಕ್ಕೆ ಕ್ಯಾನ್ಸರ್ ಆಗುತ್ತದೆ. ಎಚ್‌ಐವಿ ಇದ್ದು ಚಿಕಿತ್ಸೆ ಪಡೆಯದವರಲ್ಲಿ ಐದು ಹತ್ತು ವರ್ಷವೇ ಸಾಕು.

ಇನ್ನು ನಿಮ್ಮ ಅತ್ತೆಯವರ ಮಾತು. ಹಿರಿಯರು, ಸೊಸೆಯನ್ನೂ ಮೊಮ್ಮಗಳನ್ನೂ ಕಾಯುವ ಮನಸ್ಸಿನಿಂದಲೇ ಹೇಳಿರುತ್ತಾರೆ. ಆದರೆ ಈ ಮಾತಿಗೆ ನಾನು ಮೆತ್ತಗೆ ಉತ್ತರ ಕೊಡುವುದನ್ನು ಬಿಟ್ಟಿದ್ದೇನೆ, ಏಕೆಂದರೆ ಇದರಿಂದ ಜೀವ ಹೋಗುತ್ತದೆ. ಎಚ್‌ಪಿವಿ ಲೈಂಗಿಕ ಸಂಪರ್ಕದಲ್ಲಿ, ಚರ್ಮಕ್ಕೆ ಚರ್ಮ ತಾಗುವುದರಿಂದ ಹರಡುತ್ತದೆ, ನಿಜ. ಹಾಗೆಂದು ಅದು ನಡತೆಯ ಪ್ರಮಾಣಪತ್ರವಲ್ಲ. ಸಂಸಾರ ಮಾಡುವ ಹೆಚ್ಚಿನ ಗಂಡಸು ಹೆಂಗಸರಿಗೆ ಜೀವನದಲ್ಲಿ ಯಾವಾಗಲೋ ಒಮ್ಮೆ ಇದು ತಗುಲಿಯೇ ಇರುತ್ತದೆ. ಒಬ್ಬನನ್ನೇ ಮದುವೆಯಾಗಿ, ಅವನೊಬ್ಬನ ಜೊತೆಗೇ ಬಾಳಿದವಳಿಗೂ ಬರುತ್ತದೆ. ಗಂಡನಿಗೆ ಮದುವೆಗೆ ಮುಂಚೆಯೇ ತಗುಲಿ, ಯಾವ ಲಕ್ಷಣವೂ ಇಲ್ಲದೆ ವರ್ಷಗಟ್ಟಲೆ ಇದ್ದಿರಬಹುದು. ಅವನಿಗೂ ತಿಳಿದಿರುವುದಿಲ್ಲ. ಯಾರಿಂದ, ಯಾವಾಗ ಬಂತು ಎಂದು ಹೇಳುವ ಪರೀಕ್ಷೆಯೇ ಜಗತ್ತಿನಲ್ಲಿ ಇಲ್ಲ. ಆದ್ದರಿಂದ ತೀರಿಹೋದ ನಿಮ್ಮ ನಾದಿನಿಯ ಮೇಲಾಗಲಿ ಅವರ ಯಜಮಾನರ ಮೇಲಾಗಲಿ ಮನೆಯಲ್ಲಿ ಯಾರಾದರೂ ಬೆರಳು ತೋರಿಸುತ್ತಿದ್ದರೆ ನೀವು ತಡೆಯಬೇಕು.

ನಮ್ಮ ಜಿಲ್ಲೆಯ ಕೆಲವು ಹಟ್ಟಿಗಳಲ್ಲಿ ಮುಟ್ಟಾದವರು ಇಂದಿಗೂ ಊರಾಚೆ ಕೂರುತ್ತಾರೆ. ಬರಬೇಕಾದ ದಿನ ಬಂದ ರಕ್ತಕ್ಕೇ ಹೊರಗೆ ಕೂರಿಸುವ ಕಡೆ, ಬರಬಾರದ ದಿನ ಬಂದ ರಕ್ತದ ಬಗ್ಗೆ ಯಾವ ಹೆಂಗಸು ಬಾಯಿಬಿಡುತ್ತಾಳೆ? ಮೊಳಕಾಲ್ಮೂರು, ಹಿರಿಯೂರು ಕಡೆಯಿಂದ ನನ್ನಲ್ಲಿಗೆ ಬರುವವರಲ್ಲಿ ಎಷ್ಟೋ ಮಂದಿ ಬರುವ ಹೊತ್ತಿಗೆ ಕಾಯಿಲೆ ಗರ್ಭಕಂಠ ದಾಟಿರುತ್ತದೆ. ಲಸಿಕೆಯ ಬೆಲೆ ನನಗೆ ಅರ್ಥವಾಗಿರುವುದು ಪುಸ್ತಕಕ್ಕಿಂತ ಹೆಚ್ಚಾಗಿ ಇವರಿಂದ.

ಲಸಿಕೆ ಕೆಲಸ ಮಾಡುವ ರೀತಿ ಸರಳ. ವೈರಸ್‌ನ ಹೊರಗವಚದ ಒಂದು ಪ್ರೋಟೀನನ್ನು ಮಾತ್ರ ಕಾರ್ಖಾನೆಯಲ್ಲಿ, ಬಹುತೇಕ ಯೀಸ್ಟ್ ಸಹಾಯದಿಂದ, ತಯಾರಿಸುತ್ತಾರೆ. ಆ ಪ್ರೋಟೀನುಗಳು ತಾವಾಗಿಯೇ ಸೇರಿಕೊಂಡು ವೈರಸ್‌ನಂತೆಯೇ ಕಾಣುವ ಗುಂಡನೆಯ ಚಿಪ್ಪಾಗುತ್ತವೆ. ಒಳಗೆ ಏನೂ ಇಲ್ಲ. ನಿಮ್ಮ ಹೊಲದ ಭಾಷೆಯಲ್ಲಿ ಹೇಳುವುದಾದರೆ ಜೊಳ್ಳು ಶೇಂಗಾ: ನೋಡಲು ಕಾಯಿಯೇ, ಬಿತ್ತಿದರೆ ಮೊಳೆಯುವುದಿಲ್ಲ. ಹಾಗಾಗಿ ಲಸಿಕೆಯಿಂದ ಸೋಂಕು ತಗುಲಲು ಸಾಧ್ಯವೇ ಇಲ್ಲ. ದೇಹ ಆ ಚಿಪ್ಪನ್ನು ಗುರುತಿಟ್ಟುಕೊಂಡು ಪ್ರತಿಕಾಯಗಳನ್ನು ಸಿದ್ಧಮಾಡಿ ಇಡುತ್ತದೆ, ನಿಜವಾದ ವೈರಸ್ ಬಂದ ದಿನ ಒಳಗೆ ಬಿಡುವುದಿಲ್ಲ. ಆದರೆ ಆಗಲೇ ಒಳಗೆ ಸೇರಿ ಕುಳಿತಿರುವ ವೈರಸ್ಸನ್ನು ಲಸಿಕೆ ಓಡಿಸುವುದಿಲ್ಲ. ಅತ್ತೆಯವರ ಪ್ರಶ್ನೆಗೆ ಉತ್ತರ ಇಲ್ಲಿದೆ. ನಿಮ್ಮ ಮಗಳ ಬಗ್ಗೆ ಅನುಮಾನವಿದ್ದು ಹದಿಮೂರಕ್ಕೆ ಲಸಿಕೆ ಕೊಡುವುದಲ್ಲ; ಆ ವಯಸ್ಸಿನಲ್ಲಿ ವೈರಸ್ ಅವಳ ಹತ್ತಿರವೂ ಸುಳಿದಿರುವುದಿಲ್ಲ ಎಂಬ ಭರವಸೆಯಿಂದಲೇ ಕೊಡುವುದು. ಜೊತೆಗೆ ಒಂಬತ್ತರಿಂದ ಹದಿನಾಲ್ಕರ ನಡುವೆ ದೇಹ ತಯಾರಿಸುವ ಪ್ರತಿಕಾಯದ ಪ್ರಮಾಣ ದೊಡ್ಡವರಿಗಿಂತ ಹೆಚ್ಚು.

ಫಲ ಸಿಕ್ಕಿದೆಯೇ? ಲಸಿಕೆ ಬಂದದ್ದು 2006ರಲ್ಲಿ, ಕ್ಯಾನ್ಸರ್ ಆಗಲು ವರ್ಷಗಳು ಬೇಕು, ಆದ್ದರಿಂದ ಉತ್ತರ ಸಿಗಲು ಕಾಯಬೇಕಾಯಿತು. ಈಗ ಸಿಕ್ಕಿದೆ. ಸ್ವೀಡನ್‌ನಲ್ಲಿ ಹದಿನೇಳಕ್ಕೆ ಮುಂಚೆ ಲಸಿಕೆ ಪಡೆದವರಲ್ಲಿ ಗರ್ಭಕಂಠದ ಕ್ಯಾನ್ಸರ್ ಶೇ 88ರಷ್ಟು ಕಡಿಮೆಯಾಯಿತು. ಇಂಗ್ಲೆಂಡ್‌ನಲ್ಲಿ 12–13ರ ವಯಸ್ಸಿನಲ್ಲಿ ಲಸಿಕೆ ದೊರೆತ ತಲೆಮಾರಿನಲ್ಲಿ ಶೇ 87. 2024ರಲ್ಲಿ ಸ್ಕಾಟ್ಲೆಂಡ್‌ನಿಂದ ಬಂದ ವರದಿಯಲ್ಲಿ, ಆ ವಯಸ್ಸಿನಲ್ಲಿ ಲಸಿಕೆ ಪಡೆದವರಲ್ಲಿ ಒಬ್ಬರಿಗೂ ಈ ಕ್ಯಾನ್ಸರ್ ಕಂಡುಬಂದಿರಲಿಲ್ಲ. ದೂರದ ದೇಶಗಳ ಮಾತೇಕೆ ಎನ್ನುವವರಿಗೆ: ನಮ್ಮದೇ ಸಿಕ್ಕಿಂ 2018ರಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆಲ್ಲ ಶಾಲೆಗಳ ಮೂಲಕ ಲಸಿಕೆ ಕೊಟ್ಟಿತು, ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಮಂದಿ ಹಾಕಿಸಿಕೊಂಡರು.

ಆಂಧ್ರದ ಸಂದೇಶ ಪೂರ್ತಿ ಸುಳ್ಳಲ್ಲ, ಅದಕ್ಕೇ ಅದು ಇಷ್ಟು ವರ್ಷ ಬದುಕಿದೆ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿಯೂ ಗುಜರಾತಿನ ವಡೋದರಾದಲ್ಲಿಯೂ ಒಂದು ಯೋಜನೆಯಡಿ ಸಾವಿರಾರು ಹುಡುಗಿಯರಿಗೆ ಈ ಲಸಿಕೆ ಹಾಕಿದರು. ಮುಂದಿನ ತಿಂಗಳುಗಳಲ್ಲಿ ಅವರಲ್ಲಿ ಏಳು ಮಂದಿ ತೀರಿಕೊಂಡರು. 2010ರಲ್ಲಿ ಸರ್ಕಾರ ಯೋಜನೆಯನ್ನು ನಿಲ್ಲಿಸಿ ತನಿಖೆ ಮಾಡಿಸಿತು. ನೀರಿಗೆ ಬಿದ್ದದ್ದು, ಹಾವು ಕಚ್ಚಿದ್ದು, ಕೀಟನಾಶಕ, ಜ್ವರ ಹೀಗೆ ಕಾರಣಗಳು ಬೇರೆ ಬೇರೆ. ಸಾವುಗಳಿಗೂ ಲಸಿಕೆಗೂ ಸಂಬಂಧ ಕಾಣಲಿಲ್ಲ. ಆದರೆ ತನಿಖೆಯಲ್ಲಿ ಇನ್ನೊಂದು ಸಂಗತಿ ಹೊರಬಿತ್ತು: ಎಷ್ಟೋ ಹುಡುಗಿಯರ ತಂದೆ ತಾಯಿಯ ಒಪ್ಪಿಗೆಯನ್ನೇ ಪಡೆದಿರಲಿಲ್ಲ, ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದರು. ಸಂಸತ್ತಿನ ಸಮಿತಿ 2013ರಲ್ಲಿ ಇದನ್ನು ಕಟುವಾಗಿ ಖಂಡಿಸಿತು. ನನ್ನ ಅಭಿಪ್ರಾಯದಲ್ಲಿ ಜನರ ಅನುಮಾನಕ್ಕೆ ನ್ಯಾಯವಾದ ಕಾರಣವಿತ್ತು. ಆ ಅನುಮಾನ ಸಲ್ಲಬೇಕಾದದ್ದು ಬಡವರ ಮಕ್ಕಳ ಪರವಾಗಿ ಸಹಿ ಹಾಕಿದವರಿಗೆ, ಲಸಿಕೆಗಲ್ಲ. ನಿಮ್ಮ ಮಗಳ ಶಾಲೆಯಿಂದ ಒಪ್ಪಿಗೆ ಪತ್ರ ಬಂದರೆ ಓದಿ, ಪ್ರಶ್ನೆ ಕೇಳಿ, ಆಮೇಲೆ ಸಹಿ ಮಾಡಿ. ಹದಿಮೂರರ ಹುಡುಗಿಗೂ ಇದು ಏತಕ್ಕೆ ಎಂದು ತಿಳಿಸಿ ಹೇಳಿ.

ಡೋಸಿನ ಗೊಂದಲಕ್ಕೂ ಅದೇ ಕಾಲಕ್ಕೂ ನಂಟಿದೆ. ಆಗ ದೇಶದ ಹಲವು ಕಡೆ ಬೇರೊಂದು ಅಧ್ಯಯನವೂ ನಡೆಯುತ್ತಿತ್ತು, ಎರಡು ಡೋಸ್ ಸಾಕೇ ಮೂರು ಬೇಕೇ ಎಂದು ನೋಡಲು. 2010ರಲ್ಲಿ ಅದರ ಲಸಿಕೆ ಕಾರ್ಯವೂ ನಡುವೆಯೇ ನಿಂತದ್ದರಿಂದ ಸಾವಿರಾರು ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿತ್ತು. ಸಂಶೋಧಕರು ಅವರನ್ನು ಕೈಬಿಡದೆ ಹತ್ತು ವರ್ಷ ಗಮನಿಸುತ್ತ ಬಂದರು. ಬಹುಕಾಲ ಉಳಿಯುವ 16, 18ರ ಸೋಂಕನ್ನು ತಡೆಯುವುದರಲ್ಲಿ ಒಂದು ಡೋಸ್ ಶೇ 95ರಷ್ಟು ಫಲ ಕೊಟ್ಟಿತ್ತು, ಎರಡು ಮೂರು ಡೋಸಿಗೆ ಸರಿಸಮ. ಇದೂ ಕೆನ್ಯಾ ಮೊದಲಾದೆಡೆಯ ಅಧ್ಯಯನಗಳೂ ಸೇರಿ 2022ರ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಸಲಹೆ ಬದಲಿಸಿತು: 9ರಿಂದ 20 ವರ್ಷದವರಿಗೆ ಒಂದು ಅಥವಾ ಎರಡು ಡೋಸ್, 21 ದಾಟಿದವರಿಗೆ ಆರು ತಿಂಗಳ ಅಂತರದಲ್ಲಿ ಎರಡು. ಕಂಪನಿಯ ಚೀಟಿಯಲ್ಲಿ ಇರುವುದು 9–14ಕ್ಕೆ ಎರಡು, 15 ದಾಟಿದವರಿಗೆ ಮೂರು. ನಿಮ್ಮ ಇಬ್ಬರು ಡಾಕ್ಟರರೂ ಸರಿ. ಒಬ್ಬರು ವಿಶ್ವ ಆರೋಗ್ಯ ಸಂಸ್ಥೆಯ ಹೊಸ ಸಲಹೆ ಹೇಳಿದರು, ಇನ್ನೊಬ್ಬರು ಚೀಟಿಯಲ್ಲಿರುವುದನ್ನು. ಕಿರಿಯಳಿಗೆ ಅನುಕೂಲವಿದ್ದರೆ ಆರು ತಿಂಗಳ ಅಂತರದಲ್ಲಿ ಎರಡು ಹಾಕಿಸಿ. ಇಲ್ಲವೇ ಒಂದನ್ನೇ ಹಾಕಿಸಿ ನೆಮ್ಮದಿಯಾಗಿರಿ. ಎರಡಕ್ಕೂ ಹಣ ಕೂಡಲಿ ಎಂದು ಒಂದನ್ನೂ ಮುಂದೂಡುವುದು ಮಾತ್ರ ಬೇಡ. ಎಚ್‌ಐವಿಯಂತಹ ಕಾರಣಕ್ಕೆ ರೋಗನಿರೋಧಕ ಶಕ್ತಿ ಕುಂದಿದವರಿಗೆ ಈ ರಿಯಾಯಿತಿ ಇಲ್ಲ, ಕನಿಷ್ಠ ಎರಡು, ಸಾಧ್ಯವಾದರೆ ಮೂರು ಡೋಸ್ ಬೇಕು.

ಮಕ್ಕಳಾಗುವುದಿಲ್ಲ ಎಂಬುದಕ್ಕೆ ಯಾವ ಆಧಾರವೂ ಇಲ್ಲ. ಕೋಟ್ಯಂತರ ಡೋಸ್‌ಗಳ ನಂತರವೂ ಅಂಥದ್ದು ಕಂಡಿಲ್ಲ. ಮಕ್ಕಳಾಗುವುದನ್ನು ನಿಜವಾಗಿ ಕಸಿದುಕೊಳ್ಳುವುದು ಆ ಕ್ಯಾನ್ಸರ್: ಅದರ ಚಿಕಿತ್ಸೆಯಲ್ಲಿ ಎಷ್ಟೋ ಸಲ ಗರ್ಭಕೋಶ ಹೋಗುತ್ತದೆ, ವಿಕಿರಣದಿಂದ ಅಂಡಾಶಯವೂ ಕೆಲಸ ನಿಲ್ಲಿಸುತ್ತದೆ. ವದಂತಿಯ ಬೆಲೆ ಎಷ್ಟೆಂದು ಜಪಾನ್ ಕಂಡಿದೆ. ಅಲ್ಲಿ 2013ರಲ್ಲಿ ಲಸಿಕೆ ಪಡೆದ ಹುಡುಗಿಯರಿಗೆ ನರದ ತೊಂದರೆಗಳಾದವೆಂದು ಸುದ್ದಿಗಳು ಹಬ್ಬಿ, ಸರ್ಕಾರ ಲಸಿಕೆ ಹಾಕಿಸಿಕೊಳ್ಳಿ ಎಂದು ಹೇಳುವುದನ್ನೇ ನಿಲ್ಲಿಸಿತು. ಶೇ 70ರಷ್ಟಿದ್ದ ಪ್ರಮಾಣ ಶೇ 1ಕ್ಕಿಂತ ಕೆಳಗೆ ಬಿತ್ತು. ನಗೋಯಾ ನಗರದಲ್ಲಿ ಪರಿಶೀಲಿಸಿದಾಗ, ಲಸಿಕೆ ಪಡೆದವರಲ್ಲಿ ಆ ಲಕ್ಷಣಗಳು ಪಡೆಯದವರಿಗಿಂತ ಹೆಚ್ಚಿರಲಿಲ್ಲ. 2022ರಲ್ಲಿ ಸರ್ಕಾರ ಮತ್ತೆ ಶಿಫಾರಸು ಶುರು ಮಾಡಿತು. ಆ ಒಂಬತ್ತು ವರ್ಷ ತಪ್ಪಿಸಿಕೊಂಡ ಹುಡುಗಿಯರಿಗೆ ಆಮೇಲೆ ಪ್ರತ್ಯೇಕವಾಗಿ ಲಸಿಕೆ ಕೊಡಬೇಕಾಗಿ ಬಂತು.

ನಿಜವಾಗಿ ಆಗುವ ತೊಂದರೆ: ತೋಳು ನೋವು, ಸ್ವಲ್ಪ ಊತ, ಕೆಲವರಿಗೆ ಜ್ವರ, ತಲೆನೋವು. ಈ ವಯಸ್ಸಿನ ಮಕ್ಕಳು ಸೂಜಿಗೆ ಹೆದರಿ ತಲೆಸುತ್ತಿ ಬೀಳುವುದುಂಟು, ಅದಕ್ಕೇ ತಿಂಡಿ ತಿನ್ನಿಸಿ ಕರೆದುಕೊಂಡು ಹೋಗಿ, ಚುಚ್ಚಿದ ಮೇಲೆ ಹದಿನೈದು ನಿಮಿಷ ಕೂರಿಸಿಕೊಳ್ಳಿ. ತೀವ್ರ ಅಲರ್ಜಿ ತೀರ ಅಪರೂಪ. ಹಿಂದಿನ ಡೋಸಿಗೋ ಯೀಸ್ಟಿಗೋ ಹಾಗಾಗಿದ್ದರೆ ಮೊದಲೇ ಹೇಳಿ. ಮುಟ್ಟಿನ ದಿನವೂ ಹಾಕಿಸಬಹುದು. ಇನ್ನೂ ಮೈನೆರೆಯದ ಹುಡುಗಿಗೂ ಹಾಕಿಸಬಹುದು.

ಹಿರಿಯ ಮಗಳಿಗೆ ಮದುವೆಯ ಓಡಾಟದ ನಡುವೆಯೇ ಮೊದಲ ಡೋಸ್ ಆಗಲಿ. ಅದಕ್ಕೆ ಮುಂಚೆ ಯಾವ ಪರೀಕ್ಷೆಯೂ ಬೇಕಿಲ್ಲ, ಯಾರಾದರೂ ಅವಳನ್ನು ಇನ್ನೇನಾದರೂ ವಿಚಾರಿಸಿದರೆ ಉತ್ತರಿಸಬೇಕಾಗಿಯೂ ಇಲ್ಲ. ಉಳಿದ ಡೋಸ್ ಮದುವೆಯ ನಂತರವೂ ಪಡೆಯಬಹುದು. ನಡುವೆ ಬಸುರಿಯಾದರೆ ನಿಲ್ಲಿಸಿ, ಹೆರಿಗೆಯಾದ ಮೇಲೆ ಮುಂದುವರಿಸಿದರೆ ಸಾಕು, ಮೊದಲಿನಿಂದ ಶುರು ಮಾಡಬೇಕಿಲ್ಲ. ಗೊತ್ತಾಗದೆ ಬಸುರಿನಲ್ಲಿ ಡೋಸ್ ಆಗಿದ್ದರೂ ಗಾಬರಿ ಬೇಡ, ಗರ್ಭ ತೆಗೆಸುವ ಯೋಚನೆ ಖಂಡಿತ ಬೇಡ. ಹಾಲುಣಿಸುವಾಗ ಪಡೆಯಲು ಅಡ್ಡಿಯಿಲ್ಲ. ಗಂಡುಮಕ್ಕಳಿಗೂ ಇದೇ ವೈರಸ್‌ನಿಂದ ಗಂಟಲು, ಗುದ, ಶಿಶ್ನದ ಕ್ಯಾನ್ಸರ್ ಬರುತ್ತದೆ, ಹಲವು ದೇಶಗಳಲ್ಲಿ ಅವರಿಗೂ ಲಸಿಕೆ ಕೊಡುತ್ತಾರೆ. ಆದರೆ ನಿಮ್ಮ ಕೈಯಲ್ಲಿರುವ ಹಣ ಇಷ್ಟೇ ಎಂದಾದರೆ ಮೊದಲ ಹಕ್ಕು ಹೆಣ್ಣುಮಕ್ಕಳದು.

ನಲವತ್ತೊಂದರಲ್ಲಿ ನಿಮಗೆ ಲಸಿಕೆಯಿಂದ ಹೆಚ್ಚು ಪ್ರಯೋಜನವಿಲ್ಲ, ಆ ಹಣ ಪರೀಕ್ಷೆಗೆ ಹೋಗಲಿ. ಮೂವತ್ತು ದಾಟಿದ ಮೇಲೆ, ಯಾವ ಲಕ್ಷಣ ಇಲ್ಲದಿದ್ದರೂ, ಪ್ರತಿ ಹೆಂಗಸೂ ಗರ್ಭಕಂಠದ ತಪಾಸಣೆ ಮಾಡಿಸಿಕೊಳ್ಳಬೇಕು. ಸರ್ಕಾರಿ ಕೇಂದ್ರಗಳಲ್ಲಿ ಮಾಡುವುದು ತೆಳು ಅಸಿಟಿಕ್ ಆಮ್ಲ, ಎಂದರೆ ವಿನೆಗರ್‌ನಂಥದ್ದು, ಸವರಿ ನೋಡುವ ವಿಧಾನ; ಕೆಟ್ಟ ಜಾಗ ಒಂದು ನಿಮಿಷದಲ್ಲಿ ಬೆಳ್ಳಗಾಗುತ್ತದೆ. ಅಪಾಯದ ವೈರಸ್ ಇದೆಯೇ ಎಂದು ನೋಡುವ ಎಚ್‌ಪಿವಿ ಡಿಎನ್‌ಎ ಪರೀಕ್ಷೆ ಇನ್ನೂ ನಿಖರ. ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯ ಹಳ್ಳಿಗಳಲ್ಲಿ, ನಮ್ಮಂತಹದೇ ಒಣ ಸೀಮೆಯಲ್ಲಿ, ಆ ಪರೀಕ್ಷೆಯನ್ನು ಒಂದೇ ಒಂದು ಸಲ ಮಾಡಿದ್ದರಿಂದ ಈ ಕ್ಯಾನ್ಸರ್ ಸಾವುಗಳು ಸುಮಾರು ಅರ್ಧಕ್ಕೆ ಇಳಿದವು ಎಂದು 2009ರಲ್ಲಿ ವರದಿಯಾಯಿತು. ಲಸಿಕೆ ಪಡೆದ ನಿಮ್ಮ ಮಕ್ಕಳೂ ಮೂವತ್ತಾದಾಗ ತಪಾಸಣೆಗೆ ಹೋಗಬೇಕು, ಲಸಿಕೆಯ ವ್ಯಾಪ್ತಿಗೆ ಎಲ್ಲ ಬಗೆಗಳೂ ಬರುವುದಿಲ್ಲ.

ಖರ್ಚಿನ ವಿಷಯ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್‌ನ ಸರ್ವಾವ್ಯಾಕ್ 2023ರಲ್ಲಿ ಬಂದಾಗ ಒಂದು ಡೋಸಿಗೆ ಸುಮಾರು ಎರಡು ಸಾವಿರ ರೂಪಾಯಿ ಇತ್ತು. ಅದು 6, 11, 16, 18 ಈ ನಾಲ್ಕು ಬಗೆಗಳಿಗೆ. ಒಂಬತ್ತು ಬಗೆಗಳನ್ನು ತಡೆಯುವ ಗಾರ್ಡಸಿಲ್ 9 ಅದರ ಹಲವು ಪಟ್ಟು ದುಬಾರಿ. ಉಳ್ಳವರು ತೆಗೆದುಕೊಳ್ಳಲಿ, ಆದರೆ ಅದಕ್ಕಾಗಿ ಸಾಲ ಮಾಡಬೇಡಿ. 16, 18 ಎರಡರಲ್ಲೂ ಇವೆ. ದುಡ್ಡು ಕೊಡುವ ಮೊದಲು ನಿಮ್ಮ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರದ ದಾದಿಯನ್ನೋ ಕಂಡು, ಸರ್ಕಾರದ ಕಡೆಯಿಂದ ಈಗ ಯಾವ ವಯಸ್ಸಿನವರಿಗೆ ಉಚಿತವಾಗಿ ಸಿಗುತ್ತಿದೆ ಎಂದು ಕೇಳಿ. ಮಗಳ ಹುಟ್ಟಿದ ದಿನಾಂಕದ ದಾಖಲೆ ಕೈಯಲ್ಲಿರಲಿ. ಹೊರಗೆ ಕೊಳ್ಳುವುದಾದರೆ ಔಷಧ ಅಂಗಡಿಯಿಂದ ಲಸಿಕೆ ತಂದು ಬಸ್ಸಿನಲ್ಲಿ ಒಯ್ಯಬೇಡಿ. ಅದು 2ರಿಂದ 8 ಡಿಗ್ರಿಯಲ್ಲೇ ಇರಬೇಕು, ಚಳ್ಳಕೆರೆಯ ಏಪ್ರಿಲ್ ಬಿಸಿಲಿನಲ್ಲಿ ಕೈಚೀಲದೊಳಗೆ ಅದು ಉಳಿಯುವುದಿಲ್ಲ. ಎಲ್ಲಿ ಫ್ರಿಜ್‌ನಲ್ಲಿ ಇಟ್ಟಿದ್ದಾರೋ ಅಲ್ಲಿಯೇ ಚುಚ್ಚಿಸಿ, ಲಸಿಕೆಯ ಹೆಸರು, ಬ್ಯಾಚ್ ಸಂಖ್ಯೆ, ದಿನಾಂಕ ಬರೆದ ಕಾರ್ಡ್ ಕೇಳಿ ಪಡೆಯಿರಿ. ಹಿರಿಯ ಮಗಳು ಗಂಡನ ಮನೆಗೆ ಹೋಗುವಾಗ ಅವಳ ಕಾರ್ಡ್ ಅವಳ ಜೊತೆಗೇ ಹೋಗಲಿ, ಎರಡನೇ ಡೋಸ್ ಯಾವ ಊರಿನಲ್ಲಿ ಬರುತ್ತದೋ ಹೇಳಲಾಗದು.